ಹಣೆಯ ಮೇಲಿನ ದೀಪ

ಶನಿವಾರ ಸಂಜೆ. ಮರುದಿನದ ಆರಾಧನೆಗೆ ಪರದೆಯ ಮೇಲೆ ತೋರಿಸಲು ಒಂದು ಚಿತ್ರ ಹುಡುಕುತ್ತ ಕೂತಿದ್ದೆ. ಪಾಠ ಬೆಳಕಿನದು. ಹುಡುಕಿದ ಕೂಡಲೇ ಬಂದದ್ದು ಹೋಲ್ಮನ್ ಹಂಟ್ ಎಂಬ ಇಂಗ್ಲಿಷ್ ಕಲಾವಿದ 1850ರ ದಶಕದ ಆರಂಭದಲ್ಲಿ ಬರೆದ ‘ಜಗತ್ತಿನ ಬೆಳಕು’. ಅನೇಕ ಕ್ರೈಸ್ತರ ಮನೆಗಳಲ್ಲಿ ತೂಗುವ ಚಿತ್ರ ಅದು. ಮುಳ್ಳಿನ ಕಿರೀಟದ ಯೇಸುಸ್ವಾಮಿ ಗಿಡಗಂಟಿ ಹಬ್ಬಿದ ಬಾಗಿಲ ಮುಂದೆ ನಿಂತಿದ್ದಾರೆ. ಬಲಗೈ ಬಾಗಿಲು ಬಡಿಯುತ್ತಿದೆ, ಎಡಗೈಯಲ್ಲಿ ಲಾಟೀನು. ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ, ಒಳಗಿದ್ದವರೇ ತೆರೆಯಬೇಕು. ಪಕ್ಕದಲ್ಲಿ ಕೂತಿದ್ದ ತಾತ ನಂದಿದುರ್ಗ ಗಣಿಯಲ್ಲಿ ದುಡಿದು ನಿವೃತ್ತರಾದವರು. ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು.

“ಕೈಲಿ ಯಾಕಪ್ಪಾ ಇಟ್ಕೊಂಡವ್ರೆ ದೀಪಾನ? ಕೈಲಿ ದೀಪ ಇದ್ರೆ ಕೆಲ್ಸ ಯಾವ ಕೈಲಿ ಮಾಡೋದು?”

ಹಾಗೆಂದು ಬಲಗೈ ಬೆರಳಿಂದ ಹಣೆ ಮುಟ್ಟಿ ತೋರಿಸಿದರು. ಗಣಿಯೊಳಗೆ ದೀಪ ಇರುವುದು ತಲೆಯ ಟೋಪಿಯ ಮೇಲೆ. ಎರಡು ಕೈಗೂ ಕೆಲಸವಿರುತ್ತದೆ. ನೀವು ಯಾರತ್ತ ತಿರುಗುತ್ತೀರೋ ಅವರ ಮುಖಕ್ಕೆ ಬೆಳಕು ಬೀಳುತ್ತದೆ. ನಿಮ್ಮ ಮುಖ ಮಾತ್ರ ಕತ್ತಲಲ್ಲೇ ಉಳಿಯುತ್ತದೆ, ಎದುರಿಗಿರುವವರಿಗೆ ಕಾಣುವುದಿಲ್ಲ. ಬೆಳಕಿನ ಬಗ್ಗೆ ನಾನು ಕೇಳಿದ ಪ್ರಸಂಗಗಳಲ್ಲಿ ಇಷ್ಟು ಹೇಳಿದ್ದು ಯಾವುದೂ ಇಲ್ಲ.

ನಂದಿದುರ್ಗ ಎಂದರೆ ಹೆಚ್ಚಿನವರಿಗೆ ಚಿಕ್ಕಬಳ್ಳಾಪುರದ ಬೆಟ್ಟ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿ, ಅದರ ಸುತ್ತಲ ಕಾರ್ಮಿಕರ ಲೈನ್ ಮನೆಗಳು, ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲು ದಾರಿಯ ಊರುಗಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉತ್ತರ ಆರ್ಕಾಟಿನ ಕಡೆಯಿಂದ ಕೂಲಿಗೆ ಬಂದವರಲ್ಲಿ ಬಹುಪಾಲು ದಲಿತರು, ಅವರಲ್ಲಿ ಅನೇಕರು ಕ್ರೈಸ್ತರು. ಹಾಗಾಗಿ ಇಲ್ಲಿ ಒಂದೇ ಚರ್ಚಿನಲ್ಲಿ ಬೆಳಿಗ್ಗೆ ಇಂಗ್ಲಿಷ್, ಆಮೇಲೆ ತಮಿಳು, ಮತ್ತೊಂದು ಹೊತ್ತು ಕನ್ನಡ ಅಥವಾ ತೆಲುಗು ಆರಾಧನೆ ನಡೆಯುವುದು ಸಾಮಾನ್ಯ. ಈಗ ಬಹಳಷ್ಟು ಚರ್ಚುಗಳಲ್ಲಿ ಪರದೆ, ಪ್ರೊಜೆಕ್ಟರ್ ಇವೆ. ಅಯ್ಯನವರು ವಾರದ ಮಧ್ಯೆ ವಾಕ್ಯಗಳನ್ನು ವಾಟ್ಸಾಪ್ ಮಾಡುತ್ತಾರೆ, ನಮ್ಮಂಥವರು ಯಾರೋ ಒಬ್ಬರು ಶನಿವಾರ ರಾತ್ರಿ ಹಾಡು, ಚಿತ್ರ, ಪ್ರಾರ್ಥನೆಗಳನ್ನು ಜೋಡಿಸುತ್ತೇವೆ. ಆ ಜೋಡಣೆಗೆ ನಾವು ಬಳಸುವ ಅಂತರ್ಜಾಲದ ಭಂಡಾರಗಳ ಬಗ್ಗೆ ಈ ಬರಹ. ಅವುಗಳಿಗೆ ನಾನು ಋಣಿ. ಅವುಗಳ ಬಗ್ಗೆ ನನಗೆ ತಕರಾರೂ ಇದೆ.

ಋಣದ ಮಾತು ಮೊದಲು. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಗ್ರಂಥಾಲಯ ಕ್ರೈಸ್ತ ಕಲೆಯ ದೊಡ್ಡದೊಂದು ಚಿತ್ರಕೋಶವನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಭಾನುವಾರದ ವಾಕ್ಯ ಹೇಳಿದರೆ ಅದಕ್ಕೆ ಹೊಂದುವ ಚಿತ್ರಗಳು ಬರುತ್ತವೆ. ಕಲಾವಿದರ ಹೆಸರು, ಮೂಲ ಚಿತ್ರ ಇರುವ ಜಾಗ, ಯಾವ ಷರತ್ತಿನ ಮೇಲೆ ಬಳಸಬಹುದು ಎಲ್ಲವನ್ನೂ ಬರೆದಿರುತ್ತಾರೆ. ಈ ಪ್ರಾಮಾಣಿಕತೆ ನಮ್ಮಲ್ಲಿ ಅಪರೂಪ. ನಮ್ಮ ಗುಂಪುಗಳಲ್ಲಿ ಓಡಾಡುವ ಗರಿಗಳ ಭಾನುವಾರದ ಚಿತ್ರಗಳಲ್ಲಿ ಬರೆದವರ ಹೆಸರು ಕತ್ತರಿಸಿ, ಕಳಿಸಿದವರ ಫೋಟೋ ಅಂಟಿಸಿರುತ್ತಾರೆ. ಲಂಡನ್ನಿನ ಕಿಂಗ್ಸ್ ಕಾಲೇಜು 2018ರಲ್ಲಿ ಶುರುಮಾಡಿದ ದೃಶ್ಯ ವ್ಯಾಖ್ಯಾನದ ತಾಣ ಇನ್ನೊಂದು ಬಗೆಯದು. ಬೈಬಲಿನ ಒಂದೊಂದು ಭಾಗಕ್ಕೆ ಮೂರು ಕಲಾಕೃತಿಗಳನ್ನು ಇಟ್ಟು, ಒಂದರ ಪಕ್ಕ ಒಂದನ್ನು ನೋಡುತ್ತ ವಾಕ್ಯ ಓದುವುದನ್ನು ಕಲಿಸುತ್ತದೆ. ಒಂದೇ ಕಥೆಗೆ ಮೂರು ಕಣ್ಣು. ಪ್ರಸಂಗ ಸಿದ್ಧಮಾಡುವವರಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಚಿಕ್ಕ ಊರಿನ ಚರ್ಚಿನವರು ಮೊಬೈಲಿನಲ್ಲಿ ಇಷ್ಟನ್ನು ದುಡ್ಡಿಲ್ಲದೆ ನೋಡಬಹುದು ಎಂಬುದನ್ನು ನಾನು ಲಘುವಾಗಿ ತೆಗೆದುಕೊಳ್ಳಲಾರೆ.

ತಕರಾರು ಶುರುವಾಗುವುದು ಈ ಭಂಡಾರಗಳ ಬೀಗದ ಕೈಯಲ್ಲಿ. ಇವುಗಳಲ್ಲಿ ಹೆಚ್ಚಿನವು ನಡೆಯುವುದು 1992ರಲ್ಲಿ ಬಂದ ಪರಿಷ್ಕೃತ ಸಾಮಾನ್ಯ ಪಾಠಪಟ್ಟಿಯ ಮೇಲೆ. ಮೂರು ವರ್ಷಗಳ ಸುತ್ತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ನಡುನಡುವೆ ಯೋಹಾನ. ಆ ಪಟ್ಟಿಯ ಭಾನುವಾರದ ಪಾಠಗಳಲ್ಲಿ ಯೋಬನ ಗ್ರಂಥದ 28ನೇ ಅಧ್ಯಾಯ ಇಲ್ಲ. ಬೇರೆ ಊರಿನವರಿಗೆ ಇದೊಂದು ಸಣ್ಣ ಸಂಗತಿ. ಕೆಜಿಎಫ್‌ನವರಿಗೆ ಅಲ್ಲ. ಇಡೀ ಬೈಬಲಿನಲ್ಲಿ ಗಣಿಗಾರಿಕೆಯನ್ನು ಹತ್ತಿರದಿಂದ ಕಂಡಂತೆ ಬರೆದಿರುವ ಅಧ್ಯಾಯ ಅದೊಂದೇ. ಬೆಳ್ಳಿ ಬಂಗಾರ ಸಿಗುವ ಜಾಗ, ಬೆಟ್ಟದ ಬುಡ ಅಗೆದು ಸುರಂಗ ಕೊರೆಯುವುದು, ಕತ್ತಲೆಯ ಕೊನೆಯವರೆಗೂ ಇಳಿಯುವುದು, ಜನರ ಓಡಾಟದಿಂದ ದೂರ ಗಾಳಿಯಲ್ಲಿ ಜೋತಾಡುವ ಕೆಲಸಗಾರರು, ಎಲ್ಲ ಅಲ್ಲಿದೆ. ಆಮೇಲೆ ಒಂದು ಪ್ರಶ್ನೆ: ಇಷ್ಟೆಲ್ಲ ಅಗೆದವನಿಗೆ ಜ್ಞಾನ ಎಲ್ಲಿ ಸಿಕ್ಕೀತು? ಕೇಜಿನಲ್ಲಿ ನಿಂತು ಸಾವಿರಾರು ಅಡಿ ಇಳಿದವರ ಮಕ್ಕಳು ಕೂತಿರುವ ಸಭೆಯಲ್ಲಿ ಈ ಅಧ್ಯಾಯ ಪಟ್ಟಿಯ ಮೂಲಕ ಎಂದೂ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಚಿತ್ರವೂ ಪ್ರಾರ್ಥನೆಯೂ ಹಾಡಿನ ಸಲಹೆಯೂ ಸುಲಭವಾಗಿ ಸಿಗುವುದಿಲ್ಲ. ಪಟ್ಟಿ ಮಾಡಿದವರದು ತಪ್ಪೆಂದು ನಾನು ಹೇಳುವುದಿಲ್ಲ. ಅವರ ಕಣ್ಣ ಮುಂದೆ ಗಣಿ ಇರಲಿಲ್ಲ, ಅಷ್ಟೆ. ಆ ಪಟ್ಟಿಯನ್ನೇ ನಮ್ಮ ವರ್ಷ ಎಂದುಕೊಂಡ ತಪ್ಪು ನಮ್ಮದು.

ಬೂದಿ ಬುಧವಾರದ ವಿಷಯ ಇನ್ನೂ ನೋವಿನದು. ಆ ದಿನಕ್ಕೆಂದು ಸಿಗುವ ಪ್ರಾರ್ಥನೆಗಳು, ಹಿನ್ನೆಲೆ ಚಿತ್ರಗಳು ಬಹಳ ಸುಂದರವಾಗಿರುತ್ತವೆ. ಬಿಸಿಲ ಕೋಲಿನಲ್ಲಿ ತೇಲುವ ಧೂಳಿನ ಕಣ, ಮಣ್ಣಿನ ಬಟ್ಟಲು, ಮೃದುವಾದ ಅಕ್ಷರ. ಅಲ್ಲಿ ಧೂಳು ಒಂದು ರೂಪಕ. ನಮ್ಮಲ್ಲಿ ಬೇಸಿಗೆಯ ಗಾಳಿ ಎದ್ದರೆ ಸೈನೈಡ್ ಗುಡ್ಡದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಗಣಿತ್ಯಾಜ್ಯದ ರಾಶಿಯ, ಬೂದಿಬಣ್ಣದ ಪುಡಿ ಒಗೆದು ಹಾಕಿದ ಬಟ್ಟೆಯ ಮೇಲೆ, ಮುಚ್ಚದ ಪಾತ್ರೆಯ ಮೇಲೆ, ಬೈಬಲಿನ ರಟ್ಟಿನ ಮೇಲೆ ಕೂರುತ್ತದೆ. ಕಲ್ಲಿನ ಧೂಳು ಎದೆಗಿಳಿದು ಸಿಲಿಕೋಸಿಸ್ ಆಗಿ, ನಾಲ್ಕು ಹೆಜ್ಜೆ ನಡೆದರೆ ಉಸಿರಿಗಾಗಿ ಗೋಡೆ ಹಿಡಿಯುತ್ತಿದ್ದ ಅಪ್ಪಂದಿರನ್ನು ನೋಡಿ ಬೆಳೆದವರು ಇಲ್ಲಿದ್ದಾರೆ. ಅಂಥವರ ಹಣೆಗೆ ಬೂದಿ ಹಚ್ಚುವಾಗ ಏನು ಹೇಳಬೇಕು? ಧೂಳನ್ನು ವಿನಯದ ಪಾಠವಾಗಿ ಮಾತ್ರ ಕಂಡ ಪ್ರಾರ್ಥನೆಯನ್ನು ಇಳಿಸಿಕೊಂಡು ಇಲ್ಲಿ ಓದಿದರೆ ಆ ಮಾತು ಜನರ ಮೈಗೆ ತಾಗದೆ ಹಾದುಹೋಗುತ್ತದೆ. ನಾನು ಹಾಗೆ ಓದಿಸಿದ್ದೇನೆ, ಒಂದಲ್ಲ ಎರಡಲ್ಲ, ಹಲವು ವರ್ಷ. ಅದಕ್ಕಾಗಿ ನನಗೆ ಬೇಸರವಿದೆ.

ಸಂಕೇತಗಳನ್ನು ವಿವರಿಸುವ ಪುಟಗಳು ಬೇರೊಂದು ರೀತಿಯಲ್ಲಿ ಕೈಕೊಡುತ್ತವೆ. ಮೀನು, ಲಂಗರು, ಕುರಿಮರಿ, ದ್ರಾಕ್ಷಿಬಳ್ಳಿ, ಎದೆ ಕುಕ್ಕಿಕೊಂಡು ಮರಿಗಳಿಗೆ ರಕ್ತ ಕುಡಿಸುವ ಹಕ್ಕಿ. ಆ ಹಕ್ಕಿ ಯೂರೋಪಿನ ಹಳೆಯ ಚರ್ಚುಗಳ ಬಲಿಪೀಠಗಳಲ್ಲಿ ಕೆತ್ತಿರುವ ಪೆಲಿಕನ್. ಕ್ರಿಸ್ತನ ತ್ಯಾಗದ ಗುರುತು. ಮಧ್ಯಯುಗದ ಕಟ್ಟುಕಥೆ ಎಂದು ಪುಟ ಹೇಳಿ ಮುಗಿಸುತ್ತದೆ. ಆದರೆ ಪೆಲಿಕನ್ ಎಂದರೆ ನಮ್ಮ ಹೆಜ್ಜಾರ್ಲೆ! ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಂತೆ ಊರಿನವರು ಅವನ್ನು ನೋಡಿಕೊಳ್ಳುತ್ತಾರೆ. ಹೆಜ್ಜಾರ್ಲೆ ಎಂಬ ಒಂದು ಪದ ಹಾಕಿದ್ದರೆ ಸಾಕಿತ್ತು, ಕನ್ನಡದ ಸಭೆಗೆ ಆ ಕಲ್ಲಿನ ಹಕ್ಕಿಗೆ ಜೀವ ಬರುತ್ತಿತ್ತು. ತನ್ನ ರಕ್ತ ಕೊಡುವ ತಾಯಿಯ ಜೊತೆಗೆ, ಆ ತಾಯಿಗೆ ಹಿತ್ತಲಿನಲ್ಲಿ ಜಾಗ ಕೊಡುವ ಊರೂ ಕಣ್ಣಿಗೆ ಬರುತ್ತಿತ್ತು. ಲಂಗರಿನದೂ ಇದೇ ಕಥೆ. ಸಮುದ್ರ ಕಾಣದ ಊರಿನಲ್ಲಿ ಭರವಸೆಯ ಗುರುತಾಗಿ ಲಂಗರು ತೋರಿಸುವುದಕ್ಕಿಂತ ಶಾಫ್ಟಿನ ಮೇಲಿನ ಹೆಡ್‌ಗೇರಿನ ಚಕ್ರ, ಅದರಿಂದ ಇಳಿಬಿದ್ದ ಉಕ್ಕಿನ ಹಗ್ಗ ತೋರಿಸಿದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಪಾಳಿ ಮುಗಿಸಿದ ಗಂಡ ಮೇಲೆ ಬರುತ್ತಿದ್ದದ್ದು ಆ ಹಗ್ಗದಿಂದಲೇ.

ನನ್ನನ್ನು ತುಂಬಾ ಕಾಡಿದ ಚಿತ್ರ ಸಿಕ್ಕಿದ್ದೂ ಇಂಥ ಹುಡುಕಾಟದಲ್ಲೇ. ಬ್ರಿಟನ್ನಿನ ಮೆಥಡಿಸ್ಟ್ ಸಭೆಗೆ ಆಧುನಿಕ ಕ್ರೈಸ್ತ ಕಲೆಯ ಒಂದು ಸಂಗ್ರಹವಿದೆ. 1960ರ ದಶಕದಲ್ಲಿ ಶುರುವಾದದ್ದು. ಅದರಲ್ಲಿ ‘ದಲಿತ ಮಡೋನ್ನಾ’ ಎಂಬ ಚಿತ್ರವಿದೆ. ಬರೆದವರು ಜ್ಯೋತಿ ಸಾಹಿ. ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ದಶಕಗಳಿಂದ ನೆಲೆಸಿ, ಭಾರತೀಯ ಕ್ರೈಸ್ತ ಕಲೆಗೆ ದಾರಿ ತೋರಿಸಿದವರು. ತಾಯಿ ಮರಿಯಳು ಮತ್ತು ಮಗು ಯೇಸುವನ್ನು ಅವರು ಕಂಡದ್ದು ಮನೆಯ ರುಬ್ಬುವ ಕಲ್ಲಿನಲ್ಲಿ. ಗುಳಿ ಇರುವ ಒರಳು ತಾಯಿ, ಆ ಗುಳಿಯಲ್ಲಿ ಕೂರುವ ಗುಂಡುಕಲ್ಲು ಮಗು.

ಈ ಚಿತ್ರವನ್ನು ಲೈನ್ ಮನೆಯ ಒಬ್ಬ ಅಜ್ಜಿಗೆ ತೋರಿಸಿದೆ. ತಮಿಳು ಮನೆಮಾತಿನವರು. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅವರು “ಕುಳವಿ” ಎಂದರು. ತಮಿಳಿನಲ್ಲಿ ಗುಂಡುಕಲ್ಲಿಗೆ ಕುಳವಿ ಎನ್ನುತ್ತಾರೆ. ಕುಳವಿ ಎಂದರೆ ಹಸುಗೂಸು ಎಂತಲೂ ಅರ್ಥ. ದಿನವೂ ಹಿಟ್ಟು ರುಬ್ಬಿದ ಕೈಗಳಿಗೆ ಗೊತ್ತಿದ್ದ ಆ ಮಾತು ಚಿತ್ರದೊಳಗೇ ಇತ್ತು. ಅಜ್ಜಿ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು, ಹಿಂತಿರುಗಿಸುವಾಗ ಪರದೆಯನ್ನು ಸೆರಗಿನಿಂದ ಒರೆಸಿದರು.

ನೂರು ಚಿಲ್ಲರೆ ಕಿಲೋಮೀಟರ್ ಆಚೆ ನೆಲೆಸಿದ ಕಲಾವಿದರ ಚಿತ್ರ ನಮಗೆ ಸಿಕ್ಕಿದ್ದು ಇಂಗ್ಲೆಂಡಿನ ತಾಣದಲ್ಲಿ, ಇಂಗ್ಲಿಷ್ ವಿವರಣೆಯೊಂದಿಗೆ. ಹಾಗೆ ಇಟ್ಟವರಿಗೆ ಕೃತಜ್ಞತೆ ಹೇಳಬೇಕು, ಹೇಳುತ್ತೇನೆ. ಆದರೆ ಕನ್ನಡದಲ್ಲಿ ‘ಒರಳು’ ಎಂದು ಹುಡುಕಿದವರಿಗೆ ಈ ಚಿತ್ರ ಸಿಗುವುದಿಲ್ಲ. ಅದು ಅಷ್ಟೇ ದೊಡ್ಡ ನಷ್ಟ.

ನಮ್ಮದೇ ಭಂಡಾರ ಯಾಕಿಲ್ಲ ಎಂದು ಕೇಳುವವರಿಗೆ ಒಂದು ಚರಿತ್ರೆ ಹೇಳಬೇಕು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1967ರಲ್ಲಿ, ಫಾದರ್ ಅಮಲೋರ್ಪವದಾಸ್ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ವಿಧಿ ಕೇಂದ್ರ ಸ್ಥಾಪಿಸಿದರು. 1969ರಲ್ಲಿ ಬಲಿಪೂಜೆಯಲ್ಲಿ ಹನ್ನೆರಡು ಭಾರತೀಯ ಮಾರ್ಪಾಡುಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ, ಮೇಣದ ಬತ್ತಿಯ ಬದಲು ಎಣ್ಣೆ ದೀಪ. ದೊಡ್ಡ ಧೈರ್ಯದ ಕೆಲಸ ಅದು. ಆದರೂ ಆ ಭಾರತೀಯತೆ ದೇವಸ್ಥಾನದ ಗರ್ಭಗುಡಿಯ ಕಡೆಗೇ ಹೆಚ್ಚು ವಾಲಿತು. ಯಾವ ಗರ್ಭಗುಡಿಯ ಹತ್ತಿರಕ್ಕೂ ತಮ್ಮ ಅಜ್ಜಂದಿರನ್ನು ಬಿಡಲಿಲ್ಲವೋ ಅದರ ಸಂಕೇತಗಳನ್ನು ತಮ್ಮ ಬಲಿಪೀಠದ ಮೇಲೆ ಕಂಡ ದಲಿತ ಕ್ರೈಸ್ತರು ಹಿಂಜರಿದರು. ಅವರ ಹಿಂಜರಿಕೆ ನ್ಯಾಯವಾದದ್ದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಬಗ್ಗೆ ಮಾತಾಡಿದಾಗ ಈ ಪ್ರಶ್ನೆಗೆ ಬಾಯಿ ಬಂತು. ಮದುರೈನಲ್ಲಿ ಥಿಯೋಫಿಲಸ್ ಅಪ್ಪಾವೂ ಪರೈ ವಾದ್ಯವನ್ನು, ಹಳ್ಳಿಯ ಧಾಟಿಯನ್ನು ಆರಾಧನೆಗೆ ತಂದರು. ಜ್ಯೋತಿ ಸಾಹಿಯವರಂಥವರು ದೀಪಸ್ತಂಭದಿಂದ ಒರಳಿನ ಕಡೆಗೆ, ತಮಟೆಯ ಕಡೆಗೆ ಹೊರಳಿದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಇಂದು ‘ಭಾರತೀಯ ಕ್ರೈಸ್ತ ಕಲೆ’ ಎಂದು ಹುಡುಕಿದರೆ ಪದ್ಮಾಸನದ ಯೇಸು ಮೊದಲು ಬರುತ್ತಾರೆ, ತಮಟೆಯ ಯೇಸು ಹಲವು ಪುಟಗಳ ನಂತರ. ಅಮೆರಿಕದ ವಾರ್ನರ್ ಸಾಲ್ಮನ್ 1940ರಲ್ಲಿ ಬರೆದ ಕಂದುಗೂದಲಿನ ಯೇಸುವಿನ ಮುಖ ಕ್ಯಾಲೆಂಡರಿನಿಂದ ಇಳಿದು ಈಗ ವಾಟ್ಸಾಪ್ ಸ್ಟೇಟಸ್‌ನಲ್ಲಿದೆ. ಇವೆರಡರ ನಡುವೆ ಗಣಿಯ ಜನರ ಯೇಸುವಿಗೆ ಇನ್ನೂ ಮುಖ ಸಿಕ್ಕಿಲ್ಲ.

ಒಂದು ಚಿತ್ರಮಾಲೆ ಮಾತ್ರ ದಾರಿ ತೋರಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ವಾಂಡರ್‌ಬಿಲ್ಟ್ ಕೋಶದಲ್ಲೇ ಇದೆ. 1970ರ ದಶಕದಲ್ಲಿ ಆಫ್ರಿಕಾದ ಕ್ಯಾಮೆರೂನಿನ ಉತ್ತರ ಭಾಗದ ಮಾಫಾ ಜನರು ಸುವಾರ್ತೆಯ ಕಥೆಗಳನ್ನು ತಮ್ಮ ಊರಿನಲ್ಲೇ, ತಮ್ಮ ಉಡುಪಿನಲ್ಲೇ ಅಭಿನಯಿಸಿದರು. ಆ ಅಭಿನಯದ ಫೋಟೋಗಳನ್ನು ಆಧರಿಸಿ ಚಿತ್ರ ಬರೆಸಲಾಯಿತು. ಅಂದರೆ ಮೊದಲು ಊರಿನವರ ಮೈ ಕಥೆ ಹೇಳಿತು, ಆಮೇಲೆ ಕುಂಚ. ಈ ಚಿತ್ರಗಳನ್ನು ನಾನು ಎಷ್ಟೋ ಭಾನುವಾರ ತೋರಿಸಿದ್ದೇನೆ, ಮಕ್ಕಳು ಇಷ್ಟಪಡುತ್ತಾರೆ. ಆದರೆ ಮಾಫಾದವರ ಚಿತ್ರ ತೋರಿಸುವುದಕ್ಕಿಂತ ಅವರು ಮಾಡಿದಂತೆ ಮಾಡುವುದು ಅವರಿಗೆ ಸಲ್ಲುವ ಗೌರವ. ಶುಭ ಶುಕ್ರವಾರ ಶಿಲುಬೆ ಹೊತ್ತು ಲೈನ್ ಮನೆಗಳ ನಡುವೆ ಸಾಗುವ ಮೆರವಣಿಗೆಯನ್ನು ನಾವು ಮೊಬೈಲಿನಲ್ಲಿ ಸೆರೆಹಿಡಿಯುತ್ತೇವೆ. ಆ ಫೋಟೋಗಳು ಮಾರನೆಯ ವಾರಕ್ಕೆ ಗ್ಯಾಲರಿಯ ತಳ ಸೇರುತ್ತವೆ.

ಕೊಡುವ ಕೈ ನಮಗಿಲ್ಲ ಎಂದೇನೂ ಅಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ 1950ರಲ್ಲಿ ತನ್ನ ಕರ್ತನ ಭೋಜನದ ವಿಧಿ ರೂಪಿಸಿದಾಗ ಕೇರಳದ ಸಿರಿಯನ್ ಕ್ರೈಸ್ತರಿಂದ ಸಮಾಧಾನ ಹಂಚುವ ಪದ್ಧತಿಯನ್ನು ತೆಗೆದುಕೊಂಡಿತು. ಒಬ್ಬರ ಅಂಗೈಗಳ ನಡುವೆ ಇನ್ನೊಬ್ಬರ ಕೈ. ಆಮೇಲೆ ಪಶ್ಚಿಮದ ಸಭೆಗಳು ತಮ್ಮ ವಿಧಿಗಳನ್ನು ತಿದ್ದುವಾಗ ಇದರಿಂದ ಕಲಿತವು. ಇಂದು ನಾವು ಇಳಿಸಿಕೊಳ್ಳುವ ಇಂಗ್ಲಿಷ್ ಆರಾಧನಾ ಕ್ರಮಗಳಲ್ಲಿ ಸಮಾಧಾನದ ಜಾಗ ಬಂದಾಗಲೆಲ್ಲ ಅಲ್ಲಿ ನಮ್ಮ ದಕ್ಷಿಣದ ಕೈಯ ಬಿಸಿಯೂ ಇದೆ.

ಕನ್ನಡದ ತಾಂತ್ರಿಕ ಕಷ್ಟವನ್ನೂ ಹೇಳದೆ ಇರಲಾರೆ. ಎಷ್ಟೋ ಚರ್ಚುಗಳ ಕಂಪ್ಯೂಟರಿನಲ್ಲಿ ಕೀರ್ತನೆಗಳನ್ನು ವರ್ಷಗಳ ಹಿಂದೆ ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಯೂನಿಕೋಡ್ ಅಲ್ಲದ್ದರಿಂದ ಬೇರೆ ಕಂಪ್ಯೂಟರಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಪೋಸ್ಟರ್ ಮಾಡುವ ಕೆಲವು ಸಾಫ್ಟ್‌ವೇರ್‌ಗಳಲ್ಲಿ ‘ಕ್ರಿಸ್ತ’ ಎಂದು ಹಾಕಿದರೆ ಒತ್ತುಗಳು ಕಳಚಿಕೊಂಡು ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಒಂದು ಈಸ್ಟರ್ ಮುಂಜಾನೆ ಹಾಗೆ ಮುರಿದ ಹೆಸರನ್ನೇ ದೊಡ್ಡದಾಗಿ ಪರದೆಯ ಮೇಲೆ ಕಂಡು ನನಗೆ ಅಳು ಬಂದಿತ್ತು. ಯಾರೂ ಏನೂ ಅನ್ನಲಿಲ್ಲ, ಎಲ್ಲರೂ ಪರದೆ ನೋಡದೆಯೇ ಹಾಡಿದರು. ಯಂತ್ರಾನುವಾದದ ಮೇಲೆ ಭಾರ ಹಾಕಿದರೆ ಇಂಗ್ಲಿಷಿನ ‘ಮಾಸ್’ ಬಲಿಪೂಜೆಯಾಗುವ ಬದಲು ದ್ರವ್ಯರಾಶಿಯಾಗುತ್ತದೆ. ಪ್ರಾರ್ಥನೆಯನ್ನು ಹಾಗೆ ಭಾಷಾಂತರಿಸಬಾರದು, ಬಾಯಲ್ಲಿ ಹೇಳಿಕೊಂಡು ಬರೆಯಬೇಕು.

ನಮ್ಮ ಮನೆಯಲ್ಲಿ ಡಿಸೆಂಬರ್ ಎರಡನೇ ವಾರ ಅಮ್ಮ ಒಂದು ಅಗಲ ತಟ್ಟೆಗೆ ಮಣ್ಣು ಹರಡಿ ರಾಗಿ ಚೆಲ್ಲುತ್ತಿದ್ದರು. ದಿನಕ್ಕೆರಡು ಸಲ ನೀರು ಚಿಮುಕಿಸಿ ಗೋಣಿ ಮುಚ್ಚುವುದು ನಮ್ಮ ಕೆಲಸ. ಕ್ರಿಸ್ಮಸ್ ಹೊತ್ತಿಗೆ ಬೆರಳುದ್ದದ ಹಸಿರು ಎದ್ದು ಗೋದಲಿಯ ಮುಂದಿನ ಬಯಲಾಗುತ್ತಿತ್ತು. ಆಗಮನ ಕಾಲ ಎಂದರೆ ಕಾಯುವ ಕಾಲ ಎಂಬುದು ನನಗೆ ತಿಳಿದದ್ದು ಆ ತಟ್ಟೆಯಿಂದ. ಅಂತರ್ಜಾಲದಲ್ಲಿ ಆಗಮನ ಕಾಲಕ್ಕೆಂದು ಸಿಗುವುದು ಪೈನ್ ಎಲೆಯ ಬಳೆ, ನಾಲ್ಕು ಬತ್ತಿ, ಹಿಮ. ಅವೂ ಕಾಯುವಿಕೆಯೇ, ಆದರೆ ಚಳಿದೇಶದ ಕಾಯುವಿಕೆ. ಮಂಗಳೂರಿನ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆಯನ್ನು ಚರ್ಚಿಗೆ ತಂದು ಆಶೀರ್ವಾದ ಪಡೆದು ಮನೆಗೆ ಒಯ್ಯುತ್ತಾರೆ. ಕೋಲಾರದ ಸೀಮೆಯಲ್ಲಿ ಆ ಜಾಗ ರಾಗಿ ತೆನೆಯದು. ಮುಷ್ಟಿ ಬಿಗಿಹಿಡಿದ ಪುಟ್ಟ ಕೈಯಂತಿರುವ ತೆನೆ. ಗೋಧಿಯ ಕಟ್ಟಿನ ಚಿತ್ರ ಇಳಿಸಿಕೊಳ್ಳುವ ಅಗತ್ಯವೇ ಇಲ್ಲ.

ಹೋದ ಸುಗ್ಗಿ ಹಬ್ಬಕ್ಕೆ ತಾತನನ್ನು ಕೇಳಿ ಅವರ ಹಳೆಯ ತಲೆದೀಪ ತರಿಸಿಕೊಂಡೆ. ಬಲಿಪೀಠದ ಮುಂದೆ ರಾಗಿ ತೆನೆಗಳ ನಡುವೆ ಟೋಪಿ ಸಮೇತ ಅದನ್ನು ಇಟ್ಟೆವು. ಪಟ್ಟಿಯ ಪಾಠ ಬಿಟ್ಟು ಯೋಬನ 28 ಓದಿಸಿದೆವು, ತಮಿಳಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ. ಹಗ್ಗದಲ್ಲಿ ಜೋತಾಡುವವರ ಮಾತು ಬಂದಾಗ ಗಂಡಸರ ಸಾಲಿನಲ್ಲಿ ಯಾರೋ ದೊಡ್ಡದಾಗಿ ಕೆಮ್ಮಿದರು. ಆಮೇಲೆ ಬಹಳ ಹೊತ್ತು ಸದ್ದಿರಲಿಲ್ಲ. ಆರಾಧನೆ ಮುಗಿದ ಮೇಲೆ ದೀಪದ ಫೋಟೋ ತೆಗೆದು, ವಿವರಣೆಯ ಜಾಗದಲ್ಲಿ ಏನು ಬರೆಯಲಿ ಎಂದು ತಾತನನ್ನೇ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಕನ್ನಡದಲ್ಲಿ ಟೈಪ್ ಮಾಡಿದ್ದೇನೆ: ತಲೆದೀಪ, ನಂದಿದುರ್ಗ ಗಣಿ, ರಾತ್ರಿ ಪಾಳಿ.